ಒಣಗಿದ ಮೇಲೂ ಹಸಿ

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಊರೆಲ್ಲ ಬೈಯುತ್ತದೆ. ಪುಷ್ಪಲತಾಗೆ ಸಂಬಳ ಬರುವುದೇ ಅದಕ್ಕೆ. ಮೋಟೆಬೆನ್ನೂರಿನ ಈ ಹೆಣ್ಣುಮಗಳು ದಿನಾ ಬಸ್ಸು ಹಿಡಿದು ರಾಣೇಬೆನ್ನೂರಿಗೆ ಬರುತ್ತಾಳೆ. ಬೀಜದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಅಲ್ಲಿ ಕೂತು ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಸಿಟ್ಟು ಇವಳ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಂಪನಿಯ ಮಾಲೀಕ ಶಶಿಕಾಂತ ಎಲ್ಲರ ಮುಂದೆ ನಗೆಯಾಡುತ್ತಾನೆ. ಸಿಟ್ಟು ಬರಲಿ ಅಂತಲೇ ಅಲ್ಲವೇ ಅವಳನ್ನು ಕೆಲಸಕ್ಕೆ ಇಟ್ಟುಕೊಂಡದ್ದು? ಬಂದ ಸಿಟ್ಟನ್ನು ಕಿವಿಗೆ ಹಾಕಿಕೊಳ್ಳದವನಿಗೆ ನಗುವ ಹಕ್ಕೆಲ್ಲಿಂದ ಬಂತು?

ಈ ಸಲದ ಕೆಲಸ ಬ್ಯಾಡಗಿಯದು. ಅಲ್ಲಿನ ದಲಾಲ ವಿಜಯಮಹಾಂತೇಶ ತನ್ನ ಮೆಣಸಿನಕಾಯಿ ಅಂಗಡಿಗೆ ಪ್ರೋಗ್ರಾಮ್ ಬೇಕೆಂದಿದ್ದ. ರೈತರು ತಂದ ಕಾಯಿಯ ಪ್ರತಿ ಲಾಟಿಗೂ, ಅಂದರೆ ಒಟ್ಟಿಗೆ ಮಾರುವ ಚೀಲಗಳ ಗುಂಪಿಗೂ, ಡೇಟಾಬೇಸಿನಲ್ಲಿ ಒಂದು ಸಾಲು, ಕಾಯಿ ಹೇಗಿದೆ ಎಂದು ಅದರಲ್ಲಿ ಎರಡು ಮಾತು. ಆ ಮಾತನ್ನು ತಿದ್ದಿದರೆ ಹಳೆಯ ಸಾಲು ಅಳಿಯುವುದಿಲ್ಲ. ಎಂದಿನಿಂದ ಎಂದಿನವರೆಗೆ ಚಾಲ್ತಿಯಲ್ಲಿತ್ತು ಎಂಬ ತಾರೀಖಿನೊಂದಿಗೆ ಹಳೆಯ ಸಾಲುಗಳಿಗೆಂದೇ ಇರುವ ಕೋಷ್ಟಕಕ್ಕೆ ಸರಿಯುತ್ತದೆ, ಹೊಸ ಸಾಲು ಮುಂದೆ ಬರುತ್ತದೆ. ಯಾರೂ ಕದ್ದು ತಿದ್ದಬಾರದೆಂದು ಈ ಏರ್ಪಾಡು. ಇದರ ಮೇಲೆ ಪದ ಹುಡುಕುವ ಸೌಲಭ್ಯ. ಖರೀದಿದಾರರು ಮೊಬೈಲಿನಲ್ಲಿ ‘ಹಸಿ’ ಎಂದು ಹುಡುಕಿದರೆ ತೇವದ ಲಾಟುಗಳೆಲ್ಲ ಕಾಣಬೇಕು. ಅವನ್ನು ಬಿಟ್ಟು ಉಳಿದವಕ್ಕೆ ಅವರು ದರ ಹಾಕುತ್ತಾರೆ.

ಪರೀಕ್ಷೆಗೆಂದು ದಲಾಲ ಕಳಿಸಿದ ಮಾಹಿತಿ ತೊಳೆದಿಟ್ಟಂತಿತ್ತು. ತಿದ್ದಿದ ಸಾಲು ಒಂದೂ ಇಲ್ಲ. ಪುಷ್ಪಲತಾ ಫೋನ್ ಮಾಡಿದಳು.

“ಸಾವಕಾರ್ರ, ತಿದ್ದಿದ್ದ ಲಾಟ ಒಂದೂ ಇಲ್ಲಲ್ರಿ ಇದ್ರಾಗ. ಅಂಗಡ್ಯಾಗ ದಿನಾ ತಿದ್ದತೀರಿ.”

“ಹೊಸಾ ಕಂಪ್ಯೂಟರಿಗೆ ಪೂಜಿ ಮಾಡೇವಿ ತಂಗಿ. ಪೂಜಿ ಮಾಡಿದ ವಹಿಯೊಳಗ ಯಾರರ ಕಾಟು ಹೊಡೀತಾರೇನು? ಎಲ್ಲಾ ಸ್ವಚ್ಛ ಮಾಡಿ ಹೊಸದಾಗಿ ಬರಿಸೇನಿ.”

ಪೂಜೆ ಮಾಡಿದ ಹೊಸ ಲೆಕ್ಕದ ವಹಿಯ ಮೊದಲ ಪುಟದಲ್ಲಿ ಕಾಟು, ಅಂದರೆ ಹೊಡೆದು ತಿದ್ದಿದ ಗೆರೆ, ಬಿದ್ದರೆ ವರ್ಷವಿಡೀ ವ್ಯಾಪಾರ ಕೆಡುತ್ತದೆ ಎಂಬುದು ಪೇಟೆಯ ಹಳೆಯ ನಂಬಿಕೆ. ಪುಣ್ಯಾತ್ಮ ಆ ಶಾಸ್ತ್ರವನ್ನು ಡೇಟಾಬೇಸಿಗೂ ಅನ್ವಯಿಸಿದ್ದ. ತಿದ್ದುಪಡಿಯನ್ನು ನೆನಪಿಡಲೆಂದೇ ಕಟ್ಟಿದ ಕೋಷ್ಟಕಕ್ಕೆ ತಿದ್ದುಪಡಿಯೇ ಇಲ್ಲದ ಪರೀಕ್ಷೆ!

ಪುಷ್ಪಲತಾ ತಾನೇ ಒಂದು ಲಾಟು ಹುಟ್ಟಿಸಿದಳು. ‘ಹಸಿ’ ಎಂದು ಬರೆದು, ಆಮೇಲೆ ‘ಒಣ’ ಎಂದು ತಿದ್ದಿ, ‘ಹಸಿ’ ಎಂದು ಹುಡುಕಿದಳು. ಅದೇ ಲಾಟು ಬಂದು ನಿಂತಿತು. ಹುಡುಕಾಟವು ಇಂದಿನ ಸಾಲನ್ನೂ ಹಿಂದಿನದನ್ನೂ ಒಟ್ಟಿಗೇ ಜಾಲಾಡುತ್ತಿತ್ತು, ಯಾವುದು ಹಳೆಯದೆಂದು ಹೇಳುತ್ತಲೂ ಇರಲಿಲ್ಲ. ಅವಳು ತಪ್ಪನ್ನು ಬರೆದು ಶಶಿಕಾಂತನಿಗೆ ಒಪ್ಪಿಸಿದಳು.

“ಹಳೇದೂ ಸಿಗತೈತಿ ಅಂದ್ರ ಚಲೋನ ಆತಲ್ಲವಾ,” ಎಂದ ಶಶಿಕಾಂತ. “ಅವರ ಮಾಹಿತಿಯೊಳಗ ಎಲ್ಲಾ ಸರಿ ಬಂದೈತಿ. ನೀ ಇಲ್ಲದ್ದ ತಕರಾರು ಹುಟ್ಟಸಬ್ಯಾಡ.”

“ಇಲ್ಲದ್ದಲ್ರಿ ಸರ್. ನಾಳೆ ಯಾರದರ ಕಾಯಿ ಇದಕ್ಕ ಸಿಕ್ಕೊಳ್ತೈತಿ.”

ಅವನು ಅವಳ ವರದಿಯ ಮೇಲೆ ‘ತಪ್ಪಲ್ಲ’ ಎಂದು ಬರೆದು ಮುಚ್ಚಿದ. ಬ್ಯಾಡಗಿಯಲ್ಲಿ ತೆಂಗಿನಕಾಯಿ ಒಡೆದು ಪ್ರೋಗ್ರಾಮ್ ಶುರು ಮಾಡಿದರು.

ಸಿಕ್ಕಿಕೊಂಡವಳು ಐರಣಿಯ ಹೊನ್ನವ್ವ. ಹೊಳೆದಂಡೆಯ ಹೊಲ, ಯಾರ ಹಂಗಿಗೂ ಹೋಗದ ಹೆಂಗಸು. ಕಾಯಿ ತರುವಾಗ ದಾರಿಯಲ್ಲಿ ಅಕಾಲದ ಮಳೆ ಹನಿಯಿತು. ಅದೇ ಟ್ರಾಕ್ಟರಿನಲ್ಲಿ ಚೀಲ ಹೇರಿದ್ದ ಉಳಿದವರು ಬಾಯಿ ಬಿಡಲಿಲ್ಲ. ಅವರ ಕಾಯಿ ‘ಒಣ’ ಆಯಿತು. ಹೊನ್ನವ್ವ ಮಾತ್ರ ತಾನಾಗಿಯೇ ಹೇಳಿ ‘ಹಸಿ’ ಎಂದು ಬರೆಸಿದಳು. ಅಂಗಡಿಯ ಮುಂದಿನ ಕಣದಲ್ಲಿ ಹರವಿ, ಹೊರಳಿಸಿ, ಕಾಯಿ ಗಲಗಲ ಅನ್ನುವಂತೆ ಒಣಗಿಸಿದ ಮೇಲೆ ‘ಒಣ’ ಎಂದು ತಿದ್ದಿಸಿದಳು. ಆದರೂ ಪೇಟೆ ಕೂಡಿದ ದಿನ ಅವಳ ಲಾಟಿಗೆ ಯಾರೂ ದರ ಹಾಕಲಿಲ್ಲ. ಕೊನೆಗೆ ಪರಮೇಶಪ್ಪ ಎಂಬ ಖರೀದಿದಾರ ಅರ್ಧದಷ್ಟು ಚೀಲಗಳನ್ನು ಹಸಿ ಕಾಯಿಯ ದರಕ್ಕೆ ಎತ್ತಿಕೊಂಡ. ಯಾಕೆಂದು ಕೇಳಿದ್ದಕ್ಕೆ ಮೊಬೈಲಿನಲ್ಲಿ ‘ಹಸಿ’ ಲಾಟುಗಳ ಪಟ್ಟಿ ತೋರಿಸಿದ.

ಮರುದಿನವೇ ಹೊನ್ನವ್ವ ರಾಣೇಬೆನ್ನೂರಿನ ಆ ಮಹಡಿ ಹತ್ತಿ ಬಂದಳು. ಉಡಿಯಲ್ಲಿ ಹಿಡಿ ಮೆಣಸಿನಕಾಯಿ. ಮೇಜಿನ ಮೇಲೆ ಸುರಿದಳು.

“ಮುರದು ನೋಡ್ರಿ. ಹಸಿ ಐತೇನು?”

ಪುಷ್ಪಲತಾ ಒಂದನ್ನು ಮುರಿದಳು. ಲಟಕ್ಕೆಂದು ಮುರಿಯಿತು.

“ಪ್ಯಾಟ್ಯಾಗ ಹಸಿ ಅಂದ್ರ ಏನರ್ಥ ಗೊತ್ತೈತನವಾ? ತೂಕ ಬರಲಿ ಅಂತ ನೀರು ಹೊಡದು ತಂದಾಳ ಅಂತ. ನನ್ನ ಕಳ್ಳಿ ಮಾಡೈತಿ ನಿಮ್ಮ ಮಶಿನ್ನು.”

ಶಶಿಕಾಂತ ನೀರು ತರಿಸಿದ, ಕುರ್ಚಿ ಎಳೆದ. “ಕುಂದರ್ರಿ ಅಮ್ಮಾರ. ಆ ಹಳೇ ಸಾಲು ಅಳಿಸಿ ಒಗದ್ರ ಮುಗೀತು. ಯಾರಿಗೂ ಕಾಣಂಗಿಲ್ಲ.”

ಎಂಥ ಉದಾರ ಮನಸ್ಸು! ಯಾರೂ ಅಳಿಸಲಾಗದ ಕೋಷ್ಟಕ ಎಂದು ಊರೆಲ್ಲ ಹೊಗಳಿಕೊಂಡು ಮಾರಿದವನು, ತನ್ನ ಬುಡಕ್ಕೆ ನೀರು ಬಂದಾಗ ಅಳಿಸಲು ಹೊರಟಿದ್ದ. ಪುಷ್ಪಲತಾ ಬಾಯಿ ತೆರೆಯುವಷ್ಟರಲ್ಲಿ ಹೊನ್ನವ್ವನೇ ಅಂದಳು:

“ಅಳಿಸಬ್ಯಾಡ್ರಿ. ಅವತ್ತ ಹಸಿ ಇದ್ದದ್ದು ಖರೇ, ನಾನ ಹೇಳಿ ಬರಿಸೇನಿ. ಇವತ್ತ ಒಣಗಿದ್ದೂ ಖರೇ. ಅಳಿಸಿದ್ರ ಮುಚ್ಚಿಟ್ಟಾಳ ಅಂತಾರ. ಅವತ್ತಿಂದು ಅವತ್ತಿಗೆ ಇರಲಿ, ಇವತ್ತಿಂದು ಇವತ್ತಿಗೆ ತೋರಸ್ರಿ.”

ಪುಷ್ಪಲತಾ ಬರೆದ ವರದಿಯಲ್ಲಿ ಇದ್ದದ್ದೂ ಇಷ್ಟೇ. ಮುಚ್ಚಿದ್ದ ವರದಿಯನ್ನು ತೆರೆದು ಶಶಿಕಾಂತನ ಮುಂದೆ ಹಿಡಿದಳು. ಈ ಸಲ ಅವನು ನಗಲಿಲ್ಲ. ಪ್ರೋಗ್ರಾಮ್ ಬರೆದ ಮಧುವನ್ನು ಕರೆದು ಅವತ್ತೇ ಸರಿ ಮಾಡಿಸಿದ: ಹುಡುಕಾಟ ಇನ್ನು ಇಂದಿನ ಸಾಲಿನಲ್ಲಿ ಮಾತ್ರ; ಹಳೆಯದು ಬೇಕಾದವರು ತಾರೀಖು ಕೊಟ್ಟು ಕೇಳಬೇಕು. ಪುಷ್ಪಲತಾ ಬೇರೆ ಬೇರೆ ರೀತಿಯಲ್ಲಿ ತಿದ್ದಿ ತಿದ್ದಿ ಹುಡುಕಿದಳು. ಎಲ್ಲವೂ ಸರಿಯಾಗಿ ಬಂತು. ಮುಂದಿನ ಪೇಟೆಯಲ್ಲಿ ಹೊನ್ನವ್ವನ ಉಳಿದ ಚೀಲಗಳು ಒಳ್ಳೆಯ ದರಕ್ಕೆ ಹೋದವು. ಪರಮೇಶಪ್ಪ ಎತ್ತಿಕೊಂಡ ಅರ್ಧದ ನಷ್ಟಕ್ಕೆ ಯಾರೂ ಹೊಣೆ ಹೊರಲಿಲ್ಲ. ದಲಾಲ ಕಂಪನಿಯತ್ತ ಕೈ ತೋರಿಸಿದ, ಶಶಿಕಾಂತ ದಲಾಲನ ಪೂಜೆಯತ್ತ.

ಎರಡನೇ ಕೊಯ್ಲಿನ ಕಾಯಿ ಬರುವ ಹೊತ್ತಿಗೆ ಪುಷ್ಪಲತಾ ಪ್ರೋಗ್ರಾಮ್ ಹೇಗೆ ನಡೆಯುತ್ತಿದೆ ಎಂದು ನೋಡಲು ಬ್ಯಾಡಗಿಗೆ ಹೋದಳು. ಅಂಗಡಿಯ ಮುಂದೆ ಹೊನ್ನವ್ವ ಚೀಲ ಇಳಿಸುತ್ತಿದ್ದಳು. ಇವಳನ್ನು ಕಂಡು ಮುಖ ಅರಳಿಸಿ, “ಬಾರವಾ, ಚಾ ಕುಡದೇನು?” ಎಂದಳು. ಮಾತಾಡುತ್ತ ಪುಷ್ಪಲತಾ ಮೆಣಸಿನಕಾಯಿ ಊರಿನವರ ರೂಢಿಯಂತೆ ಹೊನ್ನವ್ವನ ಬಾಯಿ ಬಿಚ್ಚಿದ ಚೀಲವೊಂದಕ್ಕೆ ಮೊಣಕೈವರೆಗೆ ಕೈ ಹಾಕಿದಳು. ತಳದ ಕಾಯಿ ತಣ್ಣಗಿತ್ತು, ಬೆರಳಿಗೆ ಮೆತ್ತಗೆ ಹತ್ತಿತು.

ಗುಮಾಸ್ತ ಮೈಲೇಶ ಮೊಬೈಲ್ ಹಿಡಿದು ಬಂದ. “ಹೊನ್ನವ್ವಾರ, ಏನಂತ ಬರೀಲಿ? ಒಣಾನೋ, ಹಸೀನೋ?”

ಹೊನ್ನವ್ವ ಚೀಲದೊಳಗಿದ್ದ ಪುಷ್ಪಲತಾಳ ಕೈಯನ್ನು ನೋಡಿದಳು. ಮುಖ ತಿರುಗಿಸಲಿಲ್ಲ.

“ಒಣ ಅಂತ ಬರಿ.”

ಪುಷ್ಪಲತಾ ಕೈ ಹೊರಗೆ ತೆಗೆದಳು. ಅವಳಿಗೆ ಸಿಟ್ಟು ಬಂತು, ಹೊನ್ನವ್ವನ ಮೇಲಲ್ಲ, ವರದಿಯ ಮೇಲೆ ‘ತಪ್ಪಲ್ಲ’ ಎಂದು ಬರೆದ ಕೈಯ ಮೇಲೆ. ಮೈಲೇಶ ‘ಒಣ’ ಎಂದು ಬರೆದುಕೊಂಡು ಮುಂದಿನವರ ಚೀಲಕ್ಕೆ ಹೋದ.