ಸೊಲ್ಲಾಪುರದ ಲೈನಿನಲ್ಲಿ ನನ್ನ ಸಂಬಂಧ

ಆಳಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿ ಸೇರಿದ ದಿನ ಸೂಪರ್‌ವೈಸರ್ ಹೇಳಿದರು: "ನೋಡವ್ವ, ಲೈನ್ ಕೂಡಸು, ಕಿವಿ ತಗಿ. ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರ್ದು. ಲೈನ್ ಕೆಟ್ಟರ ಆ ಕಡಿ ಮಾತು ಈ ಕಡಿ ನೀನಾ ಹೇಳು. ಒಂದಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ."

ಊರಿಗೆ ಈ ಕಾನೂನು ಎಲ್ಲಿ ಗೊತ್ತು? ಸಂತೆಗೆ ಹೋದರೆ, "ಏನಬೇ, ಸೊಲ್ಲಾಪುರದಾಗ ತೊಗರಿ ಧಾರಣಿ ಏನಂದ್ರು?" ಎನ್ನುವರು. ಹೇಳದಿದ್ದರೆ, "ನೌಕರಿ ಸಿಕ್ಕದ್ದೇ ಸೊಕ್ಕು ಬಂತು!" ನನಗೋ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಹೋದಲ್ಲೆಲ್ಲ ಜಗಳ.

ಆಗ ಸೊಲ್ಲಾಪುರದಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗ ಸಾಲಿ ಮಾಸ್ತರ. ಫೋಟೊ ನೋಡಿಯೇ ಸೋತುಹೋಗಿದ್ದೆ, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಸೊಲ್ಲಾಪುರದಿಂದ ನಮ್ಮ ಓಣಿಯ ಅಡತಿ ಅಂಗಡಿಯ ಮುದಿ ಸಾವಕಾರರಿಗೆ ಟ್ರಂಕ್ ಕಾಲ್ ಬಂತು. ಲೈನಿನಲ್ಲಿ ಬರೀ ಗರಗರ. ಒಬ್ಬರ ಮಾತು ಒಬ್ಬರಿಗೆ ಕೇಳದು. ನಡುವೆ ಕೂತ ನನಗೆ ಇಬ್ಬರದೂ ಕೇಳುತ್ತಿತ್ತು. ಡ್ಯೂಟಿಯ ಮೂಗಿನ ದನಿಯಲ್ಲಿ ಮಾತು ದಾಟಿಸತೊಡಗಿದೆ.

"ನಿಮ್ಮ ಓಣ್ಯಾಗ ಟೆಲಿಫೋನ್ ನೌಕರಿ ಮಾಡೋ ಹುಡುಗಿ ಅದಾಳಲ್ರಿ, ನಮ್ಮ ಮಗಗ ಕೇಳೀವಿ. ಸ್ವಭಾವ ಹ್ಯಾಂಗ ಅದ?" ಎಂದರು ಸೊಲ್ಲಾಪುರದವರು.

ಅಯ್ಯೋ ಶಿವನೇ! ದಾಟಿಸಿದೆ.

"ಮನಿತನ ಛಲೋ ಅದರಿ. ಹುಡುಗಿ ಮಾತ್ರ ಭಾಳ ಸಿಟ್ಟಿನಾಕಿ. ಆಕಿ ಬಾಯಿಗೆ ಓಣಿ ಮಂದಿ ಅಂಜತಾರ," ಎಂದರು ಸಾವಕಾರರು.

ಮುದುಕನ ನಾಲಿಗೆ ಬಿದ್ದುಹೋಗಲಿ! ನಾನು ಅದನ್ನು ತಿರುಗಿಸಿ 'ಹುಡುಗಿ ಬಂಗಾರ ಅದಾಳಂತ್ರಿ' ಎಂದುಬಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಆದರೂ ಒಂದಕ್ಷರ ಬಿಡದೆ ದಾಟಿಸಿದೆ, ಓಣಿ ಮಂದಿ ಸಮೇತ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತೆ.

ಏನಾದರಾಗಲಿ ಎಂದು ಸೊಲ್ಲಾಪುರದವರು ನೋಡಲು ಬಂದೇ ಬಂದರು. ಚಹಾ ಕೊಟ್ಟು ಕೂತೆ. ಹುಡುಗನ ಅಪ್ಪ, "ಏನರ ಮಾತಾಡವ್ವ" ಎಂದರು. ಗಾಬರಿಯಲ್ಲಿ ನನ್ನ ಬಾಯಿಂದ ಅದೇ ಮೂಗಿನ ದನಿ ಹೊರಟಿತು: "ಹಲೋ ಸೊಲ್ಲಾಪುರ, ಮಾತಾಡ್ರಿ!"

ಅವರ ಕೈಯಲ್ಲಿನ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು. "ಆವತ್ತ ಲೈನಿನ್ಯಾಗ ನೀನಾ ಇದ್ದೇನವ್ವ? ನಿನ್ನ ಸಿಟ್ಟಿನ ಸುದ್ದಿ ನೀನಾ ಹೇಳಿದಿ?"

"ಲೈನಿನ್ಯಾಗಿನ ಮಾತು ಹೊರಗ ಹೇಳಾಕ ಬರೂದಿಲ್ರಿ," ಎಂದೆ.

ಅವ್ವ ಹಣೆ ಬಡಿದುಕೊಂಡಳು. ಹುಡುಗನ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಿಟ್ಟು ಇರ್ಲಿ ಬಿಡ್ರಿ. ಈಕಿ ಬಂದ್ರ ನಮ್ಮ ಮನಿ ಮಾತು ಹೊರಗ ಹೋಗೂದಿಲ್ಲ," ಎಂದು ಸಂಬಂಧ ಗಟ್ಟಿ ಮಾಡಲು ನಮ್ಮಪ್ಪನಿಗೆ ಸಕ್ಕರೆ ತರಿಸಲು ಹೇಳಿದರು.

ಮದುವೆಯಲ್ಲಿ ಸಾವಕಾರರು ಮೊದಲ ಪಂಕ್ತಿಯಲ್ಲೇ ಕೂತು ಹೋಳಿಗೆ ಹೊಡೆದರು. ಆಮೇಲೆ ಅಕ್ಕಿಕಾಳು ಹಾಕಲು ಬಂದು, ಬೀಗರೆದುರು ಎದೆಯುಬ್ಬಿಸಿ, "ಹುಡುಗಿ ಬಂಗಾರ ಅದಾಳ ಅಂತ ಫೋನಿನ್ಯಾಗ ಹೇಳಿದಾಂವ ನಾನಾ ನೋಡ್ರಿ!" ಎಂದರು.

ಮಾವ ನನ್ನ ಮುಖ ನೋಡಿದರು. ನಾನು ಹಲ್ಲು ಕಚ್ಚಿಕೊಂಡು ಸಾವಕಾರರ ಕಾಲು ಮುಟ್ಟಿ ನಮಸ್ಕರಿಸಿದೆ.