ನಾನು ಉಜ್ಜಿ ಹೊಳೆಯಿಸಿದ ಕಬ್ಬಿಣ

ಸಾಹುಕಾರರ ಕಾರು ಭದ್ರಾವತಿ ರಸ್ತೆಯ ಹುಣಸೆಮರಕ್ಕೆ ಗುದ್ದಿದ ಸುದ್ದಿಯನ್ನು ವಿದ್ಯಾನಗರಕ್ಕೆಲ್ಲ ಹಂಚಿದವನು ನಾನೇ. ಮೊದಲ ಮನೆಯಲ್ಲಿ ಕಾರು ಮರಕ್ಕೆ ಬರೀ ತಾಗಿತ್ತು. ಐದನೆಯ ಮನೆಯ ಹೊತ್ತಿಗೆ ಮರವೇ ಬುಡಸಮೇತ ಉರುಳಿತ್ತು. ಬೀದಿಯ ಕೊನೆ ಮುಟ್ಟುವಾಗ ಕಾರು ಮರದ ಕೊಂಬೆಯ ಮೇಲೆ ಕೂತಿತ್ತು, ಇಳಿಸಲು ಆನೆ ಬರಬೇಕಾಯಿತು. ಓಡಿಸುತ್ತಿದ್ದವರು ನನ್ನ ಅಪ್ಪ ಎಂಬುದೊಂದು ಮಾತ್ರ ಯಾವ ಮನೆಯಲ್ಲೂ ಬದಲಾಗಲಿಲ್ಲ.

ಹಿಂದೆ ಕೂತಿದ್ದ ಸಾಹುಕಾರರ ತಾಯಿಯ ಸೊಂಟ ಮುರಿಯಿತು. ಅವರು ಮತ್ತೆ ಎದ್ದು ಓಡಾಡಲಿಲ್ಲ. ಅಪ್ಪನ ಬಲಗೈ ಮುರಿದು ಕೊರಳಿಗೆ ಜೋತುಬಿತ್ತು. ಸ್ಟೇರಿಂಗು ಇದ್ದಕ್ಕಿದ್ದಂತೆ ಬುಗುರಿಯ ಹಾಗೆ ಸುಮ್ಮನೆ ತಿರುಗಿತು ಎಂದು ಅಪ್ಪ ಹೇಳಿದರು. ಸಾಹುಕಾರರು ನಂಬಲಿಲ್ಲ, ತೂಕಡಿಸಿದ್ದೀಯ ಎಂದರು. ಹದಿನಾಲ್ಕು ವರ್ಷ ಅವರ ಕಾರು ಓಡಿಸಿದವರಿಗೆ ಆ ಒಂದು ಮಾತು ಕೈಗಿಂತ ಹೆಚ್ಚು ನೋಯುತ್ತಿತ್ತು.

ಶಿವಮೊಗ್ಗದ ಗ್ಯಾರೇಜಿನವರು ತಗ್ಗುಗಳನ್ನು ಬಡಿದು ಎಬ್ಬಿಸಿ ಬಣ್ಣ ಹೊಡೆದರು. ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಕಬ್ಬಿಣದ ತೋಳು ಎರಡು ತುಂಡಾಗಿತ್ತು. ಅದಕ್ಕೆ ಬೆಸುಗೆ ಹಾಕುತ್ತೇವೆ ಎಂದರು. ಅಪ್ಪ ಒಪ್ಪಲಿಲ್ಲ. ಬೆಸುಗೆ ಯಾರನ್ನಾದರೂ ಕೊಲ್ಲುತ್ತದೆ, ಭದ್ರಾವತಿಯಲ್ಲಿ ಕಬ್ಬಿಣದ ಕೆಲಸಕ್ಕೆ ಹೆಸರಾದ ಮೇಸ್ತ್ರಿಯೊಬ್ಬರಿದ್ದಾರೆ, ಅವರಿಂದ ಹೊಸದನ್ನೇ ಮಾಡಿಸಿ ಎಂದು ಕಾರಿನ ಮುಂದೆಯೇ ಕೂತುಬಿಟ್ಟರು.

"ಆಯ್ತು," ಎಂದರು ಸಾಹುಕಾರರು. "ಇದು ಮೊದಲೇ ಬಿರುಕು ಬಿಟ್ಟಿತ್ತು ಅಂತ ಆ ಮೇಸ್ತ್ರಿ ಬರೆದುಕೊಡ್ಲಿ, ನೀನು ಕೆಲಸದಲ್ಲಿರ್ತೀಯ. ಇಲ್ಲಾಂದ್ರೆ ಕಾರು ರೆಡಿಯಾದ ದಿನ ಬೀಗದಕೈ ಇಟ್ಟು ಹೋಗು."

ಅಪ್ಪನಿಗೆ ಜ್ವರ. ತುಂಡುಗಳನ್ನು ಗೋಣಿಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು.

ಅಂಥ ಮೇಸ್ತ್ರಿಯ ಮುಂದೆ ಗ್ರೀಸು ಮೆತ್ತಿದ ಕಬ್ಬಿಣ ಇಡುವುದು ನನ್ನ ಮರ್ಯಾದೆಗೆ ಕಡಿಮೆ ಅನಿಸಿತು. ಹಿತ್ತಲಲ್ಲಿ ಕೂತು ಸೀಮೆಎಣ್ಣೆಯಲ್ಲಿ ತೊಳೆದೆ, ಉಪ್ಪುಕಾಗದ ಹಿಡಿದು ಉಜ್ಜಿದೆ. ತೋಳು ಮುರಿದ ಬಾಯಲ್ಲಿ ಅರ್ಧದಷ್ಟು ಕಪ್ಪು ಕಲೆಯಿತ್ತು. ಬಲು ಹಟಮಾರಿ ಕಲೆ, ಎರಡು ಹಾಳೆ ನುಂಗಿತು. ಕೊನೆಗೆ ಮೀಸೆ ತಿದ್ದಿಕೊಳ್ಳುವಷ್ಟು ಹೊಳೆಯಿತು. ನನಗೆ ಮೀಸೆ ಇರಲಿಲ್ಲ, ಅದು ಬೇರೆ ಮಾತು.

ರೈಲಿನಲ್ಲಿ ಎದುರಿಗಿದ್ದ ಮುದುಕರು ಚೀಲದಲ್ಲೇನು ಎಂದು ಕೇಳಿದರು. ವಿಮಾನದ ತುಂಡು, ನಿನ್ನೆ ರಾಗಿಗುಡ್ಡದ ಮೇಲೆ ಬಿತ್ತಲ್ಲ, ಅದರದ್ದು ಎಂದೆ.

"ನಿನ್ನೆ ಇಡೀ ದಿನ ನಾನು ಅಲ್ಲೇ ದನ ಮೇಯಿಸ್ತಿದ್ದೆ ಮಾರಾಯ," ಎಂದರು ಅವರು. "ದನಗಳಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಮೇಸ್ತ್ರಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ತಮಿಳಿನವರು. ನ್ಯೂ ಟೌನಿನಲ್ಲಿ ಮನೆ ಹಿಂದೆ ತಗಡಿನ ಶೆಡ್ಡು. ಸಾಹುಕಾರರು ಕೇಳಿದ ಬರಹದ ಮಾತನ್ನು ಹೇಳಿದೆ; ಅವರು ತುಂಡುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಯಾರು ಉಜ್ಜಿದ್ದು ತಂಬಿ?"

ನಾನೇ ಎಂದೆ, ಎದೆ ಉಬ್ಬಿಸಿ. ಅವರು ಬೈಯಲಿಲ್ಲ. ಹಳೇ ಬಿರುಕಿದ್ದರೆ ಒಳಗೆ ತುಕ್ಕು ಇಳಿದು ಕಪ್ಪಾಗಿರುತ್ತದೆ, ಈಗ ತಾನೇ ಮುರಿದದ್ದು ಬೆಳ್ಳಗೆ ಹರಳು ಹರಳಾಗಿರುತ್ತದೆ, ಅದನ್ನು ನೋಡಿಯೇ ಹೇಳಬೇಕು ಎಂದು ವಿವರಿಸಿದರು. ಅರ್ಧ ಕಪ್ಪಿತ್ತು ಎಂದೆ. ಕಲೆ ಎಲ್ಲಿಂದ ಎಲ್ಲಿಯವರೆಗಿತ್ತು ಎಂದು ಬೆರಳಿಟ್ಟು ತೋರಿಸಿದೆ. ಜೀವನದಲ್ಲಿ ಮೊದಲ ಸಲ ಒಂದು ನೂಲಿನಷ್ಟೂ ಉಬ್ಬಿಸದೆ ಹೇಳಿದೆ.

"ನೀನು ಸುಳ್ಳು ಹೇಳ್ತಿಲ್ಲ, ಗೊತ್ತಾಗುತ್ತೆ. ಆದ್ರೆ ನಾನು ಕಂಡದ್ದನ್ನ ಮಾತ್ರ ಬರೀತೀನಿ. ಡ್ರೈವರ್ ಮಗ ಹೇಳ್ದ ಅಂತ ಬರೆದ್ರೆ ನಿಮ್ಮ ಸಾವ್ಕಾರ್ರು ಒಪ್ತಾರಾ?"

ಹೊಸ ತೋಳಿಗೆ ಅಳತೆ ತೆಗೆದುಕೊಂಡು ತುಂಡುಗಳನ್ನು ವಾಪಸು ಕೊಟ್ಟರು. ಮನೆಗೆ ಬಂದು, ನೋಡಿದರೆ ಗೊತ್ತಾಗುವುದಿಲ್ಲವಂತೆ ಎಂದಷ್ಟೇ ಅಪ್ಪನಿಗೆ ಹೇಳಿದೆ. ಚೀಲವನ್ನು ಸೌದೆಯ ಹಿಂದೆ ತುರುಕಿದೆ.

ವಾರದಲ್ಲಿ ಹೊಸ ತೋಳು ಬಂತು. ಅಪ್ಪ ಮುಂದೆ ನಿಂತು ಅದನ್ನು ಹಾಕಿಸಿದರು. ಒಂದೊಂದು ನಟ್ಟನ್ನೂ ಎಡಗೈಯಲ್ಲಿ ಅಲ್ಲಾಡಿಸಿ ನೋಡಿದರು. ಸಾಹುಕಾರರು ಗೊತ್ತುಮಾಡಿದ್ದ ಹೊಸ ಡ್ರೈವರನ ಪಕ್ಕ ಕೂತು, ನೇರ ರಸ್ತೆಯಲ್ಲಿ ಕೈಬಿಡಲು ಹೇಳಿದರು. ಕಾರು ದಾರ ಹಿಡಿದ ಹಾಗೆ ನೆಟ್ಟಗೆ ಹೋಯಿತು. ಅಪ್ಪ ಬೀಗದಕೈಯನ್ನು ಸಾಹುಕಾರರ ಜಗಲಿಯ ಮೇಲಿಟ್ಟು ನಡೆದೇ ಬಂದರು.

ಸಂಜೆ ಸ್ನಾನಕ್ಕೆಂದು ಸೌದೆ ತೆಗೆಯುವಾಗ ಅಪ್ಪನಿಗೆ ಚೀಲ ಸಿಕ್ಕಿತು. ತುಂಡನ್ನು ಬಾಗಿಲ ಬೆಳಕಿಗೆ ತಂದು, ಹೊಳೆಯುವ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದರು. ಅವರಿಗೂ ಗೊತ್ತಾಯಿತು.

"ಚೆನ್ನಾಗಿ ಉಜ್ಜಿದೀಯ," ಎಂದರು.

ಆಮೇಲೆ ನೀರು ಕಾಯಿಸಲು ಒಲೆಯ ಮುಂದೆ ಕೂತರು.