ಅಕ್ಕನ ಎರಡು ಮಿಸ್ ಕಾಲ್

ಅಕ್ಕ ಕರೆದ ದಿನ ನಾನು ಹೋಗಲಿಲ್ಲ.

ಅವಳನ್ನು ಮೂಡುಬಿದಿರೆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದೆವು. ಆ ಮನೆಯಲ್ಲಿ ಅವಳು ಫೋನಿನಲ್ಲಿ ಮಾತಾಡಬೇಕಾದರೆ ಸ್ಪೀಕರ್ ಹಾಕಲೇಬೇಕು. ದನಿ ಸ್ವಲ್ಪ ತಗ್ಗಿಸಿದರೆ ಸಾಕು, ಮಾತೇ ಕೇಳದಂತೆ ಭಾವ ಟಿವಿ ದೊಡ್ಡದು ಮಾಡುತ್ತಿದ್ದರು. ಹಾಗಾಗಿ ಮಳೆಗಾಲದ ಆಟಿ ತಿಂಗಳಲ್ಲಿ ತವರಿಗೆ ಬಂದಾಗ ಅಕ್ಕ ಒಂದು ಉಪಾಯ ಹೇಳಿಕೊಟ್ಟಳು.

"ಒಂದು ಮಿಸ್ ಕಾಲ್ ಬಂದ್ರೆ ಸೌಖ್ಯ ಉಂಟು ಅಂತ. ಬೆನ್ನಿಗೇ ಇನ್ನೊಂದು ಬಂದ್ರೆ ನನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬಾ. ವಾಪಸ್ ಫೋನ್ ಮಾಡ್ಬೇಡ ಮಾರಾಯ."

ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನಿಗೂ ಅರ್ಥವಾಗುವಂಥ ಮಾತು. ಆದರೂ ಮೊದಲ ಸಲ ಎರಡು ಬಂದಾಗ ನಾನು ಫೋನ್ ಮಾಡಿದೆ. ಫರಂಗಿಪೇಟೆಯ ಟಯರ್ ಅಂಗಡಿಯಲ್ಲಿ ಲಾರಿಯ ಚಕ್ರ ಬಿಚ್ಚುತ್ತಿದ್ದೆ, ಕೈ ತುಂಬ ಗ್ರೀಸ್.

"ಎರಡು ಕೊಟ್ಟಿದ್ದಿಯಲ್ಲ ಅಕ್ಕ, ಈಗಲೇ ಬರ್ಬೇಕಾ? ಸಂಜೆ ಸಾಕಾ?"

"ಎರಡು ಅಂದ್ರೆ ಎಂತ ಭಾವ?" ಎಂದು ಆ ಕಡೆಯಿಂದ ಕೇಳಿದ್ದು ಅಕ್ಕನ ಗಂಡ. ನಮ್ಮಲ್ಲಿ ಹೆಂಡತಿಯ ತಮ್ಮನನ್ನೂ ಭಾವ ಎಂದೇ ಕರೆಯುವುದು.

ಮುಂದಿನ ವಾರದಿಂದ ಅವರೇ ಅವಳ ಫೋನಿನಿಂದ ಎರಡೆರಡು ಮಿಸ್ ಕಾಲ್ ಕೊಡತೊಡಗಿದರು. ನಾನು ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಓಡುತ್ತಿದ್ದೆ.

"ಬನ್ನಿ ಭಾವ, ಊಟದ ಹೊತ್ತಿಗೆ ಸರಿಯಾಗಿ ಬರ್ತೀರಿ! ಇವರಿಗೊಂದು ಎಲೆ ಹಾಕಿ," ಎಂದು ಅವರು ಜಗಲಿಯಲ್ಲೇ ನಗುತ್ತಿದ್ದರು. ಅಕ್ಕ ಬಾಗಿಲ ಹಿಂದಿನಿಂದ "ಎಂತ ಇಲ್ಲ, ಹೋಗು" ಎನ್ನುತ್ತಿದ್ದಳು. ಹೀಗೆ ನಾಲ್ಕು ಸಲ ಆಯಿತು. "ಅಕ್ಕನ ಮನೆಯಲ್ಲೇ ಕೆಲಸ ಹುಡುಕು" ಎಂದರು ಟಯರ್ ಅಂಗಡಿಯ ಧಣಿ.

ಐದನೆಯ ಸಲ ಫೋನನ್ನು ಮಗುಚಿಟ್ಟು ಚಕ್ರ ಕೂರಿಸಿದೆ. ಈ ಸಲ ಅವಳೇ ಎಂದು ಅನ್ನಿಸಿತ್ತು. ಅವಳೇ ಆಗಿದ್ದಳು. ಗುಟ್ಟು ಬಯಲಾದದ್ದು ಗೊತ್ತಿದ್ದರೂ ಅವಳಿಗೆ ಬೇರೆ ದಾರಿ ಇರಲಿಲ್ಲ. ಆ ದಿನ ಗಂಡನಿಂದ ಬಿದ್ದ ಪೆಟ್ಟಿಗೆ ಅವಳ ಎಡಗಿವಿ ಹೋಯಿತು. ಮೂರನೆಯ ದಿನ ಉಟ್ಟ ಬಟ್ಟೆಯಲ್ಲೇ ಹೊರಟವಳು ನನ್ನ ಬಳಿಗೆ ಬರಲಿಲ್ಲ, ಬೆಳ್ತಂಗಡಿಯ ಗೆಳತಿಯ ಮನೆಗೆ ಹೋದಳು.

ಈಗ ಅಲ್ಲೇ ಒಂದು ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎರಡು ವರ್ಷ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಕಳೆದ ತಿಂಗಳು ಹೋದೆ. ಅವಳ ಎಡಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ. ಅವಳು ತಿರುಗಲಿಲ್ಲ, ಗುಂಡಿ ಹಾಕುತ್ತಲೇ ಇದ್ದಳು. ಭುಜ ಮುಟ್ಟಿದ ಮೇಲೆ ನೋಡಿದಳು.

"ಎಂತ ಹೇಳಿದ್ದು? ಆ ಕಿವಿ ಕೇಳುದಿಲ್ಲ. ಜೋರು ಹೇಳು."

ಅಂಗಡಿಯಲ್ಲಿ ಅಳತೆ ಕೊಡಲು ಬಂದ ಹೆಂಗಸರಿದ್ದರು. ಅವರೆಲ್ಲರ ಎದುರು ಕೂಗಿ ಹೇಳಿದೆ:

"ನೀನು ಕರೆದದ್ದು ಗೊತ್ತಾಗಿತ್ತು ಅಕ್ಕ. ಗೊತ್ತಿದ್ದೂ ಬರ್ಲಿಲ್ಲ. ನನ್ನದು ತಪ್ಪಾಯ್ತು."